ತೊಟ್ಟಿ ಮುಚ್ಚಿದ ಬೀದಿ

ಗುಬ್ಬಿಯಲ್ಲಿ ನಾನು ಹುಟ್ಟಿ ಬೆಳೆದ ಬೀದಿಯಲ್ಲೇ ತೆಂಗು ಬೆಳೆಗಾರರ ಸೊಸೈಟಿಯವರು ಒಂದು ಹಳೆಯ ತೊಟ್ಟಿಮನೆ ಕೊಂಡು, ಅದನ್ನು ಕೆಡವಿ ಆಫೀಸು ಕಟ್ಟಲು ಹೊರಟರು. ಎಂಬತ್ತರ ದಶಕದ ಆರಂಭ. ತುಮಕೂರಿನಲ್ಲಿ ಆಗಷ್ಟೇ ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಂಡಿದ್ದ ನನಗೆ ಪ್ಲಾನಿನ ಕೆಲಸ ಸಿಕ್ಕಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಬೀದಿಯ ಮನೆಗಳಿಗೆಲ್ಲ ಮುಂದೆ ಜಗಲಿ, ಒಳಗೆ ಆಕಾಶಕ್ಕೆ ತೆರೆದ ತೊಟ್ಟಿ. ಬೇಸಿಗೆಯಲ್ಲೂ ತಂಪು. ಅದನ್ನೇ ಎರಡಂತಸ್ತಿನ ಆಫೀಸಿಗೆ ಹೊಂದಿಸಿ ಪ್ಲಾನು ಹಾಕಿದೆ: ಬಂದ ರೈತರು ಕೂರಲು ಜಗಲಿ, ನಡುವೆ ಗಾಳಿಗೂ ಬೆಳಕಿಗೂ ತೊಟ್ಟಿ, ತೊಟ್ಟಿಗೆ ಬಿದ್ದ ಮಳೆನೀರು ಹಿತ್ತಲ ಬಾವಿಗೆ. ಇಂಥದ್ದಕ್ಕೆ ಈಗ ದೊಡ್ಡ ದೊಡ್ಡ ಹೆಸರುಗಳಿವೆ. ಈ ಹೊಸ ಕಟ್ಟಡದಲ್ಲಿ ತೊಟ್ಟಿ ಉಳಿದರೆ ಇಡೀ ಬೀದಿ ಉಳಿಯುತ್ತದೆ ಎಂದು ನಾನು ನಂಬಿದ್ದೆ.

ಮೀಟಿಂಗಿನಲ್ಲಿ ಸೊಸೈಟಿ ಅಧ್ಯಕ್ಷರು ಕನ್ನಡಕ ಏರಿಸಿ ಪ್ಲಾನು ನೋಡಿದರು.

"ಇದು ನಮ್ಮಜ್ಜಿ ಮನೆ ಇದ್ದಂಗೈತಲ್ಲಪ್ಪಾ."

"ಗಾಳಿ ಚೆನ್ನಾಗಿ ಆಡ್ತದೆ ಸಾರ್."

"ಫ್ಯಾನ್ ಹಾಕುಸ್ತೀವಿ ಬುಡು."

"ಕರೆಂಟ್ ಹೋದ್ರೆ?"

"ಜನರೇಟರ್ ತರುಸ್ತೀವಿ."

ನನಗೆ ಮೈಯೆಲ್ಲ ಉರಿಯಿತು. ಎದ್ದು ಬಂದರೆ ಬೇರೊಬ್ಬ ಇನ್ನೂ ಕೆಟ್ಟದ್ದು ಹಾಕಿಕೊಡುತ್ತಾನೆ ಎಂದು ಕೂತೇ ಇದ್ದೆ. ಒಂದೊಂದು ಮೀಟಿಂಗಿಗೆ ಒಂದೊಂದು ಹೋಯಿತು. ಜಗಲಿಯ ಜಾಗಕ್ಕೆ ಬಾಡಿಗೆ ಮಳಿಗೆಗಳ ಶಟರ್ ಬಂತು. ಸಂಜೆ ಬಿಸಿಲು ಹೊಡೆಯುವ ಕಡೆಗೇ ಗಾಜು ಹಾಕಿದರು. ಕೊನೆಗೆ ತೊಟ್ಟಿಯ ಮೇಲೂ ಸ್ಲ್ಯಾಬ್, ಇನ್ನೊಂದು ರೂಮಾಗುತ್ತದಲ್ಲ!

ಮೊದಲ ಬೇಸಿಗೆಯಲ್ಲೇ ಗುಮಾಸ್ತರು ಒಳಗೆ ಕೂರಲಾರದೆ ಫೈಲು ಹೊತ್ತುಕೊಂಡು ಎದುರುಮನೆ ಜಗಲಿಗೆ ಬಂದರು. ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಈಗಲಾದರೂ ಇವರಿಗೆ ಬುದ್ಧಿ ಬರುತ್ತದೆ ಎಂದುಕೊಂಡು ನಿಂತಿದ್ದಾಗ, ಆ ಎದುರುಮನೆಯ ಯಜಮಾನರೇ ಹೊರಗೆ ಬಂದು ನನ್ನ ತೋಳು ಹಿಡಿದರು.

"ಏನ್ ಚೆನ್ನಾಗಿ ಕಟ್ಟಿದೀಯಪ್ಪಾ! ನಮ್ಗೂ ಹಿಂಗೇ ಒಂದ್ ಪ್ಲಾನ್ ಹಾಕ್ಕೊಡು. ಮಗಳ್ನ ನೋಡಕ್ಕೆ ಬರೋರು ಈ ಹಳೇ ಮನೆ ಕಂಡು ಮೂಗು ಮುರೀತಾರೆ."

ಅವರ ಮಗಳ ಮದುವೆಯ ಮುಂದೆ ನನ್ನ ತಂಗಾಳಿ ಯಾವ ಲೆಕ್ಕ? ಹಾಕಿಕೊಟ್ಟೆ. ಆಮೇಲೆ ಪಕ್ಕದವರು, ಅವರಾದ ಮೇಲೆ ಅವರ ದಾಯಾದಿಗಳು. ಕುಣಿಗಲ್‌ನಿಂದಲೂ ಜನ ಬಂದು ಗುಬ್ಬಿ ಸೊಸೈಟಿ ಥರದ್ದೇ ಬೇಕು ಎಂದರು. ತೊಟ್ಟಿ ಇರಲಿ ಎಂದು ಪ್ರತಿಯೊಬ್ಬರಿಗೂ ಹೇಳಿ ನೋಡಿದೆ. ಎಲ್ಲರೂ ನಕ್ಕರು.

ಕೊನೆಗೆ ಬೀದಿಯಲ್ಲಿ ಉಳಿದದ್ದು ನಮ್ಮ ಮನೆಯದೊಂದೇ ತೊಟ್ಟಿ. ಒಂದು ಭಾನುವಾರ ಊಟಕ್ಕೆ ಹೋದಾಗ ಅಣ್ಣ, ಅತ್ತಿಗೆ ಸೇರಿ ಅಮ್ಮನನ್ನು ಮುಂದೆ ಬಿಟ್ಟರು.

"ಊರಿಗೆಲ್ಲ ಹಾಕ್ಕೊಟ್ಟಿದೀಯ. ನಮ್ದು ಯಾವಾಗ್ಲೋ?"

"ಇದೊಂದಾದ್ರೂ ಇರ್ಲಿ ಕಣಮ್ಮ."

"ನೀನಿರೋದು ತುಮಕೂರಲ್ಲಿ, ತಾರಸಿ ಮನೇಲಿ. ಮಳೆ ಬಂದಾಗೆಲ್ಲ ತೊಟ್ಟಿ ನೀರು ಬಳಿಯೋರು ನಾವು ಕಣೋ."

ಚೀಲದಿಂದ ಅಳತೆಯ ಟೇಪು ತೆಗೆದೆ. ಅಮ್ಮ ಸೊಂಟ ಹಿಡಿದುಕೊಂಡು ತೊಟ್ಟಿಗಿಳಿದು, ಟೇಪಿನ ಆ ತುದಿ ಹಿಡಿದು ನಿಂತಳು. ಅವಳ ನೆರೆತ ತಲೆಯ ಮೇಲೆ ನೇರ ಬಿಸಿಲು ಬಿದ್ದಿತ್ತು.

"ಎಲ್ಲೂ ಸಂದಿ ಬಿಡ್ಬೇಡ ಕಣೋ," ಎಂದಳು. "ಪೂರ್ತಿ ಮುಚ್ಚೋಂಗೆ ಬರ್ಕೋ."