ಹುಡುಕುವುದನ್ನು ಬಿಟ್ಟ ಮಗ

ಗೆಳೆಯರೇ, ತಿಂಗಳ ಉದ್ಯೋಗ ಸಮೀಕ್ಷೆಗೆಂದು ಇವತ್ತು ಮಿಡಿಗೇಶಿಯಲ್ಲಿದ್ದೆ. ರಂಗಮ್ಮನವರ ಡಿಗ್ರಿ ಮುಗಿಸಿದ ಮಗ ಜಗಲಿಯಲ್ಲಿ ಮಲಗಿ ಮೊಬೈಲ್ ನೋಡುತ್ತಿದ್ದ.

“ಮಗನಿಗೆ ಕೆಲಸ ಇದೆಯಾ?”

“ಇಲ್ಲ ಕಣಮ್ಮ.”

“ಹುಡುಕ್ತಿದಾನಾ?”

“ಹುಡುಕಿ ಹುಡುಕಿ ಸಾಕಾಗಿ ಬುಟ್‌ಬುಟ್ಟವ್ನೆ.”

“ಹಾಗಾದ್ರೆ ಅವನು ನಿರುದ್ಯೋಗಿ ಅಲ್ಲಮ್ಮ. ಕೆಲಸ ಹುಡುಕ್ತಾ ಇರೋರನ್ನ ಮಾತ್ರ ನಾವು ಹಾಗೆ ಬರ್ಕೊಳ್ಳೋದು.”

ರಂಗಮ್ಮ ತಕ್ಷಣ ಪಕ್ಕದ ಮನೆಯತ್ತ ತಿರುಗಿ ಕೂಗಿದರು: “ಏ ಪುಟ್ಟಮ್ಮ, ನನ್ ಮಗ ನಿರುದ್ಯೋಗಿ ಅಲ್ವಂತೆ ಕಣೆ! ಸರ್ಕಾರ್ದೋರೇ ಹೇಳವ್ರೆ. ದಿನಾ ಕೆಲ್ಸ ಹುಡುಕ್ಕಂಡು ಓಡಾಡ್ತಾನಲ್ಲ, ನಿನ್ ಮಗನೇ ನಿರುದ್ಯೋಗಿ!”

ಪುಟ್ಟಮ್ಮನ ಮಗ ಆಗಲೇ ಇಸ್ತ್ರಿ ಶರ್ಟು ತೊಟ್ಟು ಮಧುಗಿರಿ ಬಸ್ಸಿಗೆ ಹೊರಟಿದ್ದ. ಅವನ ತಾಯಿ ಬಾಗಿಲಿಗೆ ಓಡಿಬಂದರು.

“ಲೇ, ಹೋಗ್‌ಬ್ಯಾಡ ಕಣ್ಲಾ! ಒಳಿಕ್ ಬಂದು ಸುಮ್ಕೆ ಮನಿಕ್ಕೊ.”

ಮುಂದಿನ ತಿಂಗಳ ವರದಿಯಲ್ಲಿ ಆ ಬೀದಿಯ ನಿರುದ್ಯೋಗ ಖಂಡಿತ ಇಳಿದಿರುತ್ತದೆ.