ನಾಲ್ಕು ಬಫರು, ಒಂದು ನಗು

ನಾನು ಜೀವನದಲ್ಲಿ ಹೇಳಿದ ಅತ್ಯಂತ ಅಚ್ಚುಕಟ್ಟಾದ ಸುಳ್ಳು ಒಂದು ಕಂಪ್ಯೂಟರ್ ಪ್ರೋಗ್ರಾಮು. ಅದನ್ನು ಬರೆದು ಮುಗಿಸಿದ ದಿನ ಒಂದು ಕಪ್ ಚಹಾ ಹೆಚ್ಚಿಗೆ ಕುಡಿದು, ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಅಂಗಡಿ. ಮದುವೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಸಿ.ಡಿ.ಗೆ ಹಾಕಿಕೊಡುತ್ತಿದ್ದೆ. ಅದಕ್ಕೆ ಬೇಕಾದ ಕಾರ್ಡನ್ನು ಸೊಲ್ಲಾಪುರದಲ್ಲಿ ಹಳೇ ಸಾಮಾನು ಮಾರುವವನಿಂದ ತಂದಿದ್ದೆ. ಕಾರ್ಡು ಬಂತು, ಡ್ರೈವರು ಬರಲಿಲ್ಲ. ಡ್ರೈವರೆಂದರೆ ಕಾರ್ಡಿನ ಮಾತನ್ನು ಕಂಪ್ಯೂಟರಿಗೆ ತಿಳಿಸುವ ದುಭಾಷಿ ಪ್ರೋಗ್ರಾಮು. ಸಿಗದಿದ್ದರೇನು, ನಾನೇ ಬರೆಯುತ್ತೇನೆಂದು ಕೂತೆ. ನಾಲ್ಕಕ್ಷರ ಕಲಿತ ಜಂಬ, ಇನ್ನೇನು!

ಕೆಲಸವೇನೋ ನಮ್ಮ ಓಣಿಯ ಬೋರಿಂಗಿನ ನಳದಲ್ಲಿ ಕೊಡ ತುಂಬಿದ ಹಾಗೆಯೇ. ಕ್ಯಾಸೆಟ್ಟು ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಸುರಿಯುತ್ತದೆ, ಯಾರಿಗೂ ಕಾಯುವುದಿಲ್ಲ. ಹಿಡಿಯಲು ನನ್ನ ಬಳಿ ನಾಲ್ಕೇ ಕೊಡ. ಅವಕ್ಕೆ ಬಫರು ಎನ್ನುತ್ತಾರೆ. ಒಂದು ತುಂಬುವಷ್ಟರಲ್ಲಿ ಇನ್ನೊಂದನ್ನು ಒಯ್ದು ಡಿಸ್ಕಿಗೆ ಸುರಿದು, ಖಾಲಿ ಮಾಡಿ ತರಬೇಕು. ನನ್ನ ಡಿಸ್ಕೋ, ಊಟವಾದ ಮೇಲಿನ ಗುಮಾಸ್ತನಂತೆ ತೂಕಡಿಸುತ್ತಿತ್ತು. ನಾಲ್ಕೂ ತುಂಬಿ ನಿಂತವೋ, ಮುಂದಿನ ಚಿತ್ರ ನೆಲದ ಪಾಲು.

ಹಾಗೆ ಚೆಲ್ಲಿದ ಚಿತ್ರದ ಜಾಗದಲ್ಲಿ ಪರದೆ ಕಪ್ಪಾಗುತ್ತಿತ್ತು, ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು. ಆಗ ನನಗೆ ನೆನಪಾದವರು ಶ್ರಾವಣದಲ್ಲಿ ಮಠಕ್ಕೆ ಬಂದು ಪುರಾಣ ಹೇಳುತ್ತಿದ್ದ ಶಾಸ್ತ್ರಿಗಳು. ಸಾಲು ಮರೆತಾಗ ಅವರು ಹಿಂದಿನ ಸಾಲನ್ನೇ ಇನ್ನೊಮ್ಮೆ ರಾಗ ಎಳೆದು ಹೇಳಿಬಿಡುತ್ತಿದ್ದರು. ಕೂತವರು ಭಕ್ತಿ ಉಕ್ಕಿ ಬಂತೆಂದು ಕೈಮುಗಿಯುತ್ತಿದ್ದರು. ನಾನೂ ಡ್ರೈವರಿಗೆ ಅದೇ ವಿದ್ಯೆ ಕಲಿಸಿದೆ: ಚಿತ್ರ ತಪ್ಪಿದರೆ ಹಿಂದಿನದನ್ನೇ ಮತ್ತೆ ಕೊಡು, ತಪ್ಪಿತೆಂದು ಯಾರಿಗೂ ಹೇಳಬೇಡ. ಕಂಪ್ಯೂಟರಿನ ಪರದೆಯಲ್ಲಿ ‘ಕಳೆದುಹೋದ ಚಿತ್ರಗಳು’ ಎಂಬ ಲೆಕ್ಕದ ಮುಂದೆ ಸದಾ ಸೊನ್ನೆ. ಗಿರಾಕಿ ಖುಷ್, ನಾನೂ ಖುಷ್. ತಮಾಷೆಯೆಂದರೆ, ನಾಲ್ಕಾರು ತಿಂಗಳಲ್ಲಿ ಆ ಸೊನ್ನೆಯನ್ನು ಇಟ್ಟವನು ನಾನೇ ಎಂಬುದನ್ನು ಮರೆತು, ನಾನೂ ಅದನ್ನು ನಂಬತೊಡಗಿದ್ದೆ.

ಅಕ್ಕ ಬಂದದ್ದು ಆಗ. ಅವಳನ್ನು ಅಫಜಲಪುರದ ಕಡೆ ಕರಜಗಿಗೆ ಕೊಟ್ಟಿದೆ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಒಂದು ಕ್ಯಾಸೆಟ್ಟು ತಂದಿದ್ದಳು. ಜೇವರ್ಗಿ ಹತ್ತಿರದ ಕೊಳಕೂರಿನಲ್ಲಿ ಆದ ನಮ್ಮ ಬಂಧುಗಳ ಮದುವೆಯದು. ಅದರಲ್ಲಿ ಸುರಗಿ ಸುತ್ತುವ ಶಾಸ್ತ್ರವಿದೆ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು ಮುತ್ತೈದೆಯರು ನೂಲು ಸುತ್ತುವಾಗ, ನೂಲಿನ ಉಂಡೆ ಹಿಡಿದು ನಿಂತ ಅಕ್ಕನ ಮಗಳು ಕಸ್ತೂರಿ ಹೊರಳಿ ನೋಡಿ ನಗುತ್ತಾಳೆ. ಆ ಮದುವೆಯಾದ ಮೂರು ತಿಂಗಳಿಗೆ ಕಸ್ತೂರಿ ಜ್ವರ ಬಂದು ತೀರಿಕೊಂಡಳು. ಮನೆಯಲ್ಲಿರುವುದು ಶಾಲೆಯವರು ತೆಗೆಸಿದ ಫೋಟೋ, ತುಟಿ ಬಿಗಿಹಿಡಿದದ್ದು. ನಗು ಇದ್ದದ್ದು ಈ ಕ್ಯಾಸೆಟ್ಟಿನಲ್ಲಿ ಮಾತ್ರ.

“ತಮ್ಮಾ, ಅಕಿ ನಗೂದು ಹ್ಯಾಂಗಿತ್ತು ಅಂತ ನನಗ ಮರಿಯಾಕತ್ತದ,” ಎಂದಳು ಅಕ್ಕ. “ಹೆತ್ತಾಕಿಗೇ ಮರೀತದಂದ್ರ ಅಂಜಿಕಿ ಬರ್ತದ ನೋಡು.”

ಟ್ರಂಕಿನಲ್ಲಿ ವರ್ಷಗಟ್ಟಲೆ ಕೂತು ರೀಲಿಗೆ ಬೂಷ್ಟು ಹಿಡಿದಿತ್ತು. ಒಂದು ಸಲ ಓಡಿದರೆ ಪುಣ್ಯ ಎಂಬ ಸ್ಥಿತಿ. ಟಿ.ವಿ.ಯಲ್ಲಿ ಅದು ಓಡುತ್ತಿದ್ದಂತೆ ಪಕ್ಕದಲ್ಲಿ ಕಂಪ್ಯೂಟರು ಹಿಡಿದುಕೊಳ್ಳಬೇಕು. ಅಕ್ಕ ಟಿ.ವಿ. ಮುಂದೆ ಕೂತಳು. ವೈರಿಗೆ ಕಾಲು ತಾಗೀತೆಂದು ನನಗೆ ಪುಕುಪುಕು.

“ಅಕ್ಕಾ, ಈಗ ಹೊರಗ ಕೂಡು. ಒಮ್ಮೆ ಸಿ.ಡಿ. ಆತಂದ್ರ ದಿನಾ ನೂರು ಸಲ ನೋಡೀಯಂತ.”

ಅಕ್ಕ ಎದ್ದು ಹೊರಗೆ ಹೋದಳು. ನಾನು ಟಿ.ವಿ.ಗೆ ಬೆನ್ನು ಹಾಕಿ, ಕಣ್ಣು ಕೀಲಿಸಿ ಸೊನ್ನೆಯನ್ನು ಕಾದೆ. ಕೊನೆಯವರೆಗೂ ಅದು ಸೊನ್ನೆಯಾಗಿಯೇ ಇತ್ತು. ಇರದೇ ಏನು!

ಅಕ್ಕನನ್ನು ಕರೆದು ಹಿಡಿದದ್ದನ್ನು ತೋರಿಸಿದೆ. ಸುರಗಿ ಬಂತು. ಕಸ್ತೂರಿ ಉಂಡೆ ಹಿಡಿದು ನಿಂತಳು, ಹೊರಳತೊಡಗಿದಳು, ಅಲ್ಲಿಗೇ ನಿಂತುಬಿಟ್ಟಳು. ಒಂದು ಕಿವಿ, ಒಂದು ಝುಮಕಿ, ಅರ್ಧ ಕೆನ್ನೆ. ಎರಡು ಮೂರು ಸೆಕೆಂಡು ಅಷ್ಟೇ. ಆಮೇಲೆ ಕ್ಯಾಮೆರಾ ತಂಬಿಗೆಗಳ ಕಡೆ ಹೋಗಿತ್ತು. ಆ ಹೊತ್ತಿಗೆ ನನ್ನ ನಾಲ್ಕೂ ಬಫರಿನ ಕೊಡಗಳು ತುಂಬಿ ನಿಂತಿದ್ದವು. ಡ್ರೈವರು ನಾನು ಕಲಿಸಿದಂತೆಯೇ ಹಿಂದಿನ ಸಾಲು ಹೇಳಿತ್ತು. ಗಡಬಡಿಸಿ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಲು ಹೋದೆ. ರೀಲು ಒಳಗೆ ಸಿಕ್ಕಿಕೊಂಡು ಚೂರು ಚೂರಾಯಿತು.

ಅಕ್ಕ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಕೇಳಿದ್ದು ಇಷ್ಟೇ: “ನೀ ಇಲ್ಲೇ ಕೂತಿದ್ದೆಲ್ಲ. ನೀನರ ಕಣ್ಣೀಲೆ ನೋಡಿದಿಲ್ಲೋ? ಹ್ಯಾಂಗ ನಕ್ಳು?”

ಆ ನಗು ಕೊನೆಯ ಸಲ ಟಿ.ವಿ.ಯಲ್ಲಿ ಬಂದು ಹೋದಾಗ ಎದುರಿಗಿದ್ದದ್ದು ನನ್ನ ಬೆನ್ನು. ಕಸ್ತೂರಿ ಏಳು ವರ್ಷದವಳಿದ್ದಾಗ ನನ್ನ ಕಣ್ಣಿನ ಚಾಳೀಸನ್ನು ಜೋಳದ ಚೀಲದಲ್ಲಿ ಬಚ್ಚಿಟ್ಟು ನಕ್ಕದ್ದು ನೆನಪಿತ್ತು.

“ನೋಡಿದೆನಕ್ಕಾ,” ಎಂದೆ. “ಬಾಯಿಗೆ ಕೈ ಅಡ್ಡ ಹಿಡದು, ಭುಜ ಕುಣಿಸಿ ನಕ್ಳು.”

ಅಕ್ಕ ಕಣ್ಣು ಮುಚ್ಚಿ ತಲೆಯಾಡಿಸಿದಳು. “ಹೌದ ನೋಡು, ಖರೇ. ಹಂಗ ನಗ್ತಿದ್ಳು.”

ಡ್ರೈವರನ್ನು ಆ ವಾರವೇ ತಿದ್ದಿದೆ. ಆಮೇಲೆ ಚಿತ್ರ ತಪ್ಪಿದರೆ ಪರದೆ ಕಪ್ಪಾಗುತ್ತಿತ್ತು, ಎಷ್ಟು ಹೋದವೆಂದು ಲೆಕ್ಕವೂ ಬರುತ್ತಿತ್ತು. ಗಿರಾಕಿಗಳು ಮತ್ತೆ ಮುಖ ಸಿಂಡರಿಸಿದರು. ಸಿಂಡರಿಸಲಿ ಎಂದು ಸುಮ್ಮನಾದೆ. ಅಕ್ಕ ಮಾತ್ರ ಪಂಚಮಿಗೆ ತವರಿಗೆ ಬಂದಾಗಲೆಲ್ಲ ಚಹಾದ ಬಟ್ಟಲು ಕೆಳಗಿಟ್ಟು, “ಹ್ಯಾಂಗ ನಕ್ಳು, ಇನ್ನೊಮ್ಮೆ ಹೇಳೋ,” ಎನ್ನುತ್ತಾಳೆ. ನಾನು ಹಿಂದಿನದನ್ನೇ ಮತ್ತೆ ಹೇಳುತ್ತೇನೆ.