ಮಂಪರಿನಿಂದ ಕರೆದು ತರುವ ಮಾಮ

ಎದ್ದನೋ, ಇಲ್ಲ ಎದ್ದ ಹಾಗೆ ಕಾಣುತ್ತಿದ್ದಾನೋ? ಕಣ್ಣು ಅರ್ಧ ತೆರೆದಿದೆ, ನೋಟ ಮಾತ್ರ ಎಲ್ಲೂ ನಿಂತಿಲ್ಲ. ಇನ್ನೊಮ್ಮೆ ಕರೆಯಬೇಕೆ, ಸ್ವಲ್ಪ ಹೊತ್ತು ಬಿಡಬೇಕೆ? ಜೋರಾಗಿ ಕರೆದರೆ ಬೆಚ್ಚಿ ಎದ್ದು ಹೊಲಿಗೆ ಎಳೆದುಕೊಂಡಾನು. ಬಿಟ್ಟರೆ ಮತ್ತೆ ಒಳಗೆ ಜಾರಿಯಾನು.

ಬೆಳಗಿನ ಜಾವ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಆಪರೇಶನ್ ಆದವರನ್ನು ಎಚ್ಚರವಾಗುವ ತನಕ ಮಲಗಿಸುವ ಕೋಣೆ. ಕಿಟಕಿಯ ಗಾಜು ಈಗಷ್ಟೇ ಬೂದಿ ಬಣ್ಣಕ್ಕೆ ತಿರುಗಿದೆ. ಅಪೆಂಡಿಕ್ಸ್ ತೆಗೆಸಿಕೊಂಡ ಲಾರಿ ಚಾಲಕನ ತಲೆದೆಸೆಯಲ್ಲಿ ಬಗ್ಗಿ ನಿಂತಿರುವ ಅಟೆಂಡರ್‌ಗೆ ಐವತ್ತೆಂಟು ದಾಟಿದೆ. ಅಂಗಿಯ ಕೆಳಗೆ, ಹರ್ನಿಯಾ ಹಿಡಿದಿಡಲು ಬಿಗಿದ ಅಗಲವಾದ ಬೆಲ್ಟು ಉಬ್ಬಿ ಕಾಣುತ್ತದೆ. ಇಲ್ಲಿ ಎಲ್ಲರಿಗೂ ಅವರು ‘ಮಾಮ’; ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನನಗೂ.

“ಚಿನ್ನೂ,” ಎನ್ನುತ್ತಾರೆ ಮೆಲ್ಲಗೆ, ಆ ಹುರಿಮೀಸೆಯ ಆಳಿಗೆ. “ಚಿನ್ನೂ, ಕಣ್ ಬಿಡಪ್ಪ.”

“ಬ್ರೇಕ್ ಹಿಡೀತಿಲ್ಲ,” ಚಾಲಕ ಗೊಣಗುತ್ತಾನೆ.

“ಗಾಡಿ ನಿಂತಾಯ್ತು. ಇಳಿ ನೀನು.”

ಚಾಲಕ ಕಣ್ಣು ಬಿಡುತ್ತಾನೆ. ನೋಟ ಮಾಮನ ಮುಖದ ಮೇಲೆ ಬಂದು ನಿಲ್ಲುತ್ತದೆ.

ಇಪ್ಪತ್ತಾರು ವರ್ಷಗಳಿಂದ ಮಾಮನ ಕೆಲಸ ಇದೇ. ಸ್ಟ್ರೆಚರ್ ತಳ್ಳುವುದು, ಹೊದಿಸುವುದು, ವಾಂತಿಯಾದರೆ ತಲೆ ಪಕ್ಕಕ್ಕೆ ತಿರುಗಿಸಿ ಒರೆಸುವುದು. ಮತ್ತೆ, ಕರೆಯುವುದು. ದಿನಕ್ಕೆ ಎಂಟೋ ಹತ್ತೋ ಜನ. ಆಪರೇಶನ್‌ಗೆ ಒಳಗೆ ಒಯ್ಯುವ ಮುಂಚೆ ಬಾಗಿಲಲ್ಲಿ ನಿಂತ ಮನೆಯವರನ್ನು ಅವರು ತಪ್ಪದೆ ಕೇಳುವ ಮಾತೊಂದಿದೆ: “ಮನೇಲಿ ಏನಂತ ಕರೀತೀರಿ?” ಚೀಟಿಯಲ್ಲಿರುವ ಹೆಸರಿಗೆ ಓಗೊಡದವರೂ ಮನೆಯ ಹೆಸರಿಗೆ ತಿರುಗುತ್ತಾರೆ ಎನ್ನುವುದು ಅವರ ಅನುಭವ.

“ಕಿವಿ ಮೊದಲು ಏಳುತ್ತೆ, ನೆನಪು ಕೊನೆಗೆ,” ಎನ್ನುತ್ತಾರೆ ಅರಿವಳಿಕೆಯ ಡಾಕ್ಟರಮ್ಮ. “ನಡುವೆ ಇರೋದು ಪೂರ್ತಿ ನಿದ್ದೆನೂ ಅಲ್ಲ, ಎಚ್ಚರನೂ ಅಲ್ಲ. ಬಾಯಿಗೆ ಕಾವಲಿರಲ್ಲ. ಆಡಿದ್ದು ಹೆಚ್ಚಿನವರಿಗೆ ನೆನಪೂ ಇರಲ್ಲ.”

ಹಾಗೆ ಆಡಿದ ಮಾತುಗಳೆಲ್ಲ ಮಾಮನ ಕಿವಿಯಲ್ಲಿವೆ. ಮುಖ್ಯೋಪಾಧ್ಯಾಯರೊಬ್ಬರು ಬೆರಳೆತ್ತಿ “ಟೀಚರ್, ಒಂದಕ್ಕೆ” ಎಂದದ್ದನ್ನು ಹೇಳಿ ನಗುತ್ತಾರೆ. ಇನ್ನೊಂದನ್ನು ಹೇಳುವಾಗ ನಗುವುದಿಲ್ಲ. ಒಬ್ಬ ಹೆಂಗಸು ಗೋಡೆಯ ಕಡೆ ತಿರುಗಿ, ಈ ಮನುಷ್ಯನನ್ನ ಕಟ್ಟಿಕೊಳ್ಳಬಾರದಿತ್ತು ಎಂದಳು. ಪರದೆಯ ಆಚೆ ಗಂಡ ಫ್ಲಾಸ್ಕು ಹಿಡಿದು ನಿಂತಿದ್ದ.

“ಅವಳಿಗೇನೂ ನೆನಪಿಲ್ಲ. ಅವನಿಗೆ ಸಾಯೋ ತನಕ ಇರುತ್ತೆ,” ಎನ್ನುತ್ತಾರೆ ಮಾಮ.

ಮಾಮನ ಈ ಹರ್ನಿಯಾ ಒಂಬತ್ತು ವರ್ಷದ್ದು. ಆಪರೇಶನ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿ ಹೇಳಿ ಸೋತಿದ್ದಾರೆ. “ಊರಿಗೆಲ್ಲ ಧೈರ್ಯ ಹೇಳೋ ಮಾಮ, ತಾನು ಮಲಗೋಕೆ ಮಾತ್ರ ಹೆದರುಪುಕ್ಕಲ,” ಎಂದು ಸಿಸ್ಟರ್ ಚುಡಾಯಿಸುತ್ತಾರೆ. ಮಾಮ ಬೆಲ್ಟು ಇನ್ನೊಂದು ತೂತು ಬಿಗಿಯುತ್ತಾರೆ.

ಅವರಿಗಿದ್ದ ಹೆದರಿಕೆ ಮಲಗುವುದರದ್ದಲ್ಲ, ಏಳುವುದರದ್ದು.

ಮಾಮನ ಒಬ್ಬಳೇ ಮಗಳು ಹನ್ನೊಂದನೇ ವಯಸ್ಸಿನಲ್ಲಿ ಜ್ವರ ಬಂದು ತೀರಿಹೋದಳು. ಎರಡು ವರ್ಷದ ಮೇಲೆ ಹೆಂಡತಿಗೆ ಗರ್ಭಕೋಶದ ಆಪರೇಶನ್ ಆಯಿತು. ಮಲಗಿಸಿದ್ದು ಇದೇ ಕೋಣೆಯಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ. ಮನೆಯಲ್ಲಿ ಕರೆಯುವ ಹಾಗೆಯೇ ಕರೆದರು: “ಏ, ಇಲ್ನೋಡೆ.” ಉಸಿರು ಸರಿಯಾಗಿತ್ತು, ಕಣ್ಣು ತೆರೆಯಲಿಲ್ಲ. ಡಾಕ್ಟರಮ್ಮ ಎರಡು ಸಲ ಬಂದು ನೋಡಿ ಹೋದರು.

“ಏಳೋಕೆ ಅವಳಿಗೇನಿದೆ ಅನ್ನಿಸ್ತು ನಂಗೆ,” ಎನ್ನುತ್ತಾರೆ ಮಾಮ. “ಆಮೇಲೆ ಬಗ್ಗಿ, ಸಣ್ಣ ದನಿ ಮಾಡ್ಕೊಂಡು, ನಮ್ ಪುಟ್ಟಿ ಕರೀತಿದ್ಳಲ್ಲ, ಹಂಗೆ ಕರೆದೆ. ಅಮ್ಮಾ, ಏಳಮ್ಮಾ, ಹೊತ್ತಾಯ್ತು ಅಂತ.”

“ಬಂದೆ ಪುಟ್ಟೀ,” ಎಂದು ಆಕೆ ಕಣ್ಣು ಬಿಟ್ಟರು.

ಎಲ್ಲರಿಗೂ ಮರೆತುಹೋಗುವ ಆ ಗಳಿಗೆ ಆಕೆಗೆ ಮರೆಯಲಿಲ್ಲ. ಸಂಜೆ ಗಂಡನ ಕೈ ಹಿಡಿದು, “ಪುಟ್ಟಿ ಬಂದಿದ್ಳು ರೀ. ನನ್ನ ಎಬ್ಬಿಸಿ ಹೋದ್ಳು,” ಎಂದರು. ಆ ಮುಖ ನೋಡಿದ ಮಾಮ, ನಾಳೆ ಹೇಳಿದರಾಯಿತು ಎಂದುಕೊಂಡರು.

ಆಕೆ ಮಧ್ಯಾಹ್ನವೂ ಮಲಗತೊಡಗಿದರು, ಬಾಗಿಲ ಚಿಲಕ ಹಾಕದೆ. ಮಗಳು ಮತ್ತೆ ಬರಲಿಲ್ಲ. “ನಾನೇನು ತಪ್ಪು ಮಾಡ್ದೆ ರೀ?” ಎಂದು ಕೇಳುತ್ತಿದ್ದರು. “ಒಂದ್ಸಲ ಬಂದವಳು ಆಮೇಲೆ ತಿರುಗಿನೂ ನೋಡ್ಲಿಲ್ವಲ್ಲ.” ಒಂದು ಮಧ್ಯಾಹ್ನ ಮಲಗಿದ್ದ ಆಕೆಯ ಪಕ್ಕ ಕೂತು, ಇನ್ನೊಂದು ಸಲ ಹಾಗೇ ಕರೆದುಬಿಡೋಣ ಎಂದು ಮಾಮ ಬಾಯಿ ತೆರೆದರು. ಕರೆಯದೆ, ಹೊದಿಕೆ ಸರಿಮಾಡಿ ಎದ್ದು ಬಂದರು.

ಹೇಳಿದರೆ ಆಕೆ ಮಗಳನ್ನು ಎರಡನೇ ಸಲ ಕಳೆದುಕೊಳ್ಳುತ್ತಿದ್ದರು. ಹೇಳದಿದ್ದರೆ ಹೀಗೆ ಕಾಯುತ್ತಲೇ ಇರುತ್ತಿದ್ದರು. ಅಷ್ಟರಲ್ಲಿ ಹರ್ನಿಯಾ ಬಂತು. ಮಾಮ ಮಲಗಿದರೆ ತಲೆದೆಸೆಯಲ್ಲಿ ನಿಲ್ಲುವವರು ಹೆಂಡತಿಯೇ. ಮಂಪರಿನಲ್ಲಿ ಬಾಯಿಗೆ ಕಾವಲಿರುವುದಿಲ್ಲ ಎನ್ನುವುದನ್ನು ಅವರು ದಿನಾ ನೋಡುತ್ತಿದ್ದರು. ಆಪರೇಶನ್ ಬೇಡ ಎಂದರು. ನೋವು ಹೊತ್ತುಕೊಂಡೇ ಸ್ಟ್ರೆಚರ್ ತಳ್ಳಿದರು.

ಕಳೆದ ವರ್ಷ ಒಂದು ಬೆಳಿಗ್ಗೆ ಆಕೆ ಏಳಲಿಲ್ಲ. ಹೃದಯ ನಿದ್ದೆಯಲ್ಲೇ ನಿಂತಿತ್ತು. ಮಾಮ ತುಂಬ ಹೊತ್ತು ಕರೆದರಂತೆ. ಏನೆಂದು ಕರೆದಿರಿ ಎಂದು ನಾನು ಕೇಳಲಿಲ್ಲ.

ಬರುವ ವಾರ ಅವರಿಗೆ ಆಪರೇಶನ್. ಈ ಸಲ ತಾವಾಗಿಯೇ ಹೋಗಿ ದಿನ ಕೇಳಿದ್ದಾರೆ.

“ಮಾಮ, ನಿಮ್ಮನ್ನ ಏನಂತ ಕರೀಲಿ?” ಚಾಲಕನ ಡ್ರಿಪ್ ಸರಿಪಡಿಸುತ್ತ ಸಿಸ್ಟರ್ ಕೇಳುತ್ತಾರೆ. “ಟೀ ಬಂತು ಅಂದ್ರೆ ಸಾಕಲ್ವಾ?”

“ಸಾಕಮ್ಮ. ಸಕ್ಕರೆ ಕಮ್ಮಿ ಅಂತ ಸೇರಿಸು, ನಂಬ್ತೀನಿ.”

ಸಿಸ್ಟರ್ ಹೊರಗೆ ಹೋದ ಮೇಲೆ ಮಾಮ ಚಾಲಕನ ಕಾಲಿಗೆ ಹೊದಿಕೆ ಎಳೆಯುತ್ತಾರೆ. “ಈಗ ಏನು ಬಾಯ್ಬಿಟ್ರೂ ಪರವಾಗಿಲ್ಲ,” ಎನ್ನುತ್ತಾರೆ. “ಕೇಳಬಾರದವಳು ಹೋದ್ಳು. ಕೇಳಬೇಕಾದವಳೂ ಅವಳೇ ಆಗಿದ್ಳೋ ಏನೋ.”

ಆ ದಿನ ಕಿಟಕಿ ಪಕ್ಕದ ಮಂಚದ ಬಳಿ ‘ಅಮ್ಮಾ’ ಎಂದು ಕರೆದದ್ದು ತಾವೇ ಎಂದು ಅವರು ಹೆಂಡತಿಗೆ ಕೊನೆಯವರೆಗೂ ಹೇಳಲಿಲ್ಲ.